ಮಂಗಳೂರು ಹಂಚಿನ ಪ್ಲೆಬ್ಸ್ಟ್: ಸೂರು ಕೊಟ್ಟವರ ಲೆಕ್ಕದಲ್ಲಿ ಬಾಕಿ ಉಳಿದದ್ದು

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಂಟ್ವಾಳದ ಕಡೆ, ನೇತ್ರಾವತಿ ದಂಡೆಯ ಒಂದು ಕಾರ್ಖಾನೆ. ಈಗ ಅಲ್ಲಿ ಚಿಮಣಿ ಮಾತ್ರ ಉಳಿದಿದೆ. ಅಜ್ಜ ಯಾವುದೇ ಹಂಚು ಕಂಡರೂ ಎಡಗೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ಬಡಿಯುತ್ತಿದ್ದರು. ಗಂಟೆಯ ಹಾಗೆ ಕೇಳಿದರೆ ಚೆನ್ನಾಗಿ ಬೆಂದ ಹಂಚು. ಸದ್ದು ಸತ್ತ ಹಾಗಿದ್ದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ ಅಂತ ಅರ್ಥ.

ಕಾರ್ಖಾನೆಯ ಬಗ್ಗೆ ಅವರಲ್ಲಿ ಎರಡು ಮಾತಿದ್ದವು. ಭಟ್ಟಿಯ ಬಿಸಿ ತನ್ನ ಮೈಯನ್ನು ತಿಂದು ಹಾಕಿತು ಅನ್ನುವುದು ಒಂದು. ಆ ಕೆಲಸ ಸಿಗದಿದ್ದರೆ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತೇ ಆಯುಷ್ಯ ಮುಗಿಯುತ್ತಿತ್ತು ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಸಂಜೆ, ಒಂದೇ ಲೋಟ ಚಾ ಮುಗಿಯುವುದರೊಳಗೆ ಹೇಳುತ್ತಿದ್ದರು. ಮೂಡುಬಿದಿರೆಗೆ ಎಂಜಿನಿಯರಿಂಗ್ ಓದಲು ಹೋಗುತ್ತಿದ್ದ ನನಗೆ ಅದು ವಯಸ್ಸಾದವರ ಗೊಂದಲ ಅನಿಸ್ತಿತ್ತು. ಯಾವುದಾದರೂ ಒಂದು ನಿಜ ಇರಬೇಕಲ್ವಾ?

ಆಮೇಲೆ, ಪತ್ರಕರ್ತನಾದ ಮೇಲೆ, ಈ ಕಾರ್ಖಾನೆಗಳ ಮೂಲ ಹುಡುಕುತ್ತಾ ಹೋದಾಗ ಒಬ್ಬ ಮನುಷ್ಯನ ಹೆಸರಿಗೆ ಬಂದು ನಿಂತೆ. ಜಾರ್ಜ್ ಪ್ಲೆಬ್ಸ್ಟ್. ಮಂಗಳೂರು ಹಂಚು ಅಂತ ಜಗತ್ತಿಗೆ ಗೊತ್ತಿರುವ ಕೆಂಪು ಹಂಚನ್ನು ಇಲ್ಲಿ ಶುರು ಮಾಡಿದ ಜರ್ಮನ್ ಮೆಕ್ಯಾನಿಕ್. ಅಜ್ಜನ ಎರಡು ಮಾತು ಹುಟ್ಟಿದ್ದು ಅವರ ಕಾಲದಲ್ಲೇ.

ಅಚ್ಚುಕೂಟಕ್ಕೆ ಬಂದವರು

ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು 1851ರಲ್ಲಿ, ಹಂಚು ಮಾಡಲಿಕ್ಕೆ ಅಲ್ಲ, ಪುಸ್ತಕ ಅಚ್ಚು ಹಾಕಲಿಕ್ಕೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ತನ್ನ ಮೊದಲ ಮೂವರು ಪಾದ್ರಿಗಳನ್ನು ಮಂಗಳೂರಿಗೆ ಕಳಿಸಿ ಆಗಲೇ 17 ವರ್ಷವಾಗಿತ್ತು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಬಂದಿಳಿದಿದ್ದರು. 1841ರಲ್ಲಿ ಮಿಷನ್ನಿನ ಮುದ್ರಣಾಲಯ ಶುರುವಾಯಿತು. ಆಗ ಅಲ್ಲಿ ಇದ್ದದ್ದು ಕಲ್ಲಚ್ಚು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಮಂಗಳೂರು ಸಮಾಚಾರ, ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಹಾಗೆಯೇ. ಅಕ್ಷರಗಳನ್ನು ಕಲ್ಲಿನ ಮೇಲೆ ಮೂಡಿಸಿ, ಶಾಯಿ ಹಚ್ಚಿ, ಒಂದೊಂದೇ ಹಾಳೆ ಒತ್ತಿ ತೆಗೆಯಬೇಕಿತ್ತು.

ಈ ಮುದ್ರಣಾಲಯವನ್ನು ಮೊಳೆ ಅಚ್ಚಿಗೆ ತಿರುಗಿಸುವ ಕೆಲಸ ಪ್ಲೆಬ್ಸ್ಟ್ ಪಾಲಿಗೆ ಬಂತು. ಸೂಯೆಜ್ ಕಾಲುವೆ ಇನ್ನೂ ತೆರೆದಿರದ ಕಾಲ. ಯಂತ್ರದ ಒಂದು ಭಾಗ ಮುರಿದರೆ ಯುರೋಪಿನಿಂದ ಬರಲು ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಇಲ್ಲೇ ರಿಪೇರಿ ಮಾಡಬಲ್ಲವನು, ಇಲ್ಲಿನ ಹುಡುಗರಿಗೆ ಕಲಿಸಬಲ್ಲವನು ಬೇಕಿತ್ತು. ಕನ್ನಡದಂಥ ಲಿಪಿಗೆ ಮೊಳೆ ಜೋಡಿಸುವುದು ಸುಲಭವಲ್ಲ. ಒತ್ತಕ್ಷರ, ಗುಣಿತಾಕ್ಷರ ಎಲ್ಲಕ್ಕೂ ಬೇರೆ ಬೇರೆ ಮೊಳೆ, ಬೇರೆ ಬೇರೆ ಮನೆ. ಈ ಅಚ್ಚುಕೂಟದಿಂದಲೇ ಮುಂದೆ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂದವು. ಕಿಟೆಲ್ ಹೆಸರು ನಮಗೆಲ್ಲ ಗೊತ್ತು. ಆ ಪುಟಗಳ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಮಂಗಳೂರಿನ ಕೆಲಸಗಾರರ ಹೆಸರು ಎಲ್ಲಿದೆ?

ಕಳ್ಳು ಬಿಡು ಅಂದಮೇಲೆ ಕೂಳಿಗೇನು?

ಅಚ್ಚು ಹಾಕುವವರು ಹಂಚಿನ ಕಡೆ ಯಾಕೆ ಹೊರಳಿದರು? ಇದಕ್ಕೆ ಉತ್ತರ ಬೇಕಾದರೆ ಮಿಷನ್ ತಾನಾಗಿಯೇ ತಂದುಕೊಂಡ ಒಂದು ಇಕ್ಕಟ್ಟನ್ನು ನೋಡಬೇಕು.

ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ದೊಡ್ಡ ಪಾಲು ಬಿಲ್ಲವರದ್ದು. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅವರಲ್ಲಿ ಬಹಳ ಮಂದಿಯ ಕಸುಬು. ಜೊತೆಗೆ ಧಣಿಯಿಂದ ಪಡೆದ ಗೇಣಿಯ ಗದ್ದೆ. ಕಳ್ಳು ಪಾಪ ಅಂತ ಮಿಷನ್ ನಂಬಿತ್ತು, ಹಾಗಾಗಿ ಸಭೆಗೆ ಸೇರಿದವನು ತಾಳೆಮರ ಹತ್ತುವುದನ್ನು ಬಿಡಬೇಕಿತ್ತು. ಅತ್ತ ಜಾತಿ ಬಿಟ್ಟವನಿಗೆ ಧಣಿ ಗೇಣಿಯ ಗದ್ದೆ ಬಿಟ್ಟುಕೊಡುತ್ತಿರಲಿಲ್ಲ. ಕುಟುಂಬದ ಮನೆಯೊಳಗೆ ಜಾಗ ಇರಲಿಲ್ಲ. ಧರ್ಮ ಬದಲಿಸಿದವರ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಂಪನಿ ಸರಕಾರ ಕಾಯ್ದೆ ಮಾಡಿತ್ತು, ನಿಜ. ಆದರೆ ಅಳಿಯಕಟ್ಟಿನ ಒಂದು ಕೂಡುಕುಟುಂಬದ ಅಂಗಳದಲ್ಲಿ ಆ ಕಾಯ್ದೆಯ ಕಾಗದ ಹಿಡಿದು ಒಬ್ಬ ಎಷ್ಟು ಹೊತ್ತು ನಿಲ್ಲಬಲ್ಲ?

ಹೀಗೆ ಹೊಸ ನಂಬಿಕೆ ಸಿಕ್ಕಿತು, ಹಳೆಯ ಅನ್ನ ಹೋಯಿತು. ಮಿಷನ್ ಮುಂದೆ ಎರಡೇ ದಾರಿ ಇತ್ತು: ಕೂತವರಿಗೆ ಗಂಜಿ ಹಾಕುತ್ತಾ ಇರುವುದು, ಇಲ್ಲಾ ಕೆಲಸ ಕೊಡುವುದು. ಗಂಜಿ ಹಾಕಿದರೆ ಅನ್ನಕ್ಕಾಗಿ ಬಂದವರು ಅನ್ನುವ ಅಪವಾದ, ಅವರನ್ನು ಪರಾವಲಂಬಿಗಳಾಗಿ ಮಾಡುವ ಭಯ. ಹಾಗಾಗಿ ಕೆಲಸ. ಕೃಷಿ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು, ಮರಗೆಲಸ ನೋಡಿದರು. ಹೆಚ್ಚಿನವು ಕೈಹಿಡಿಯಲಿಲ್ಲ. ಪ್ಲೆಬ್ಸ್ಟ್ ಬಂದ ವರ್ಷವೇ ಬಂದ ಜೊತೆಗಾರ ಹಾಲರ್ ಅವರ ನೇಯ್ಗೆ ಕೈಹಿಡಿಯಿತು. ಖಾಕಿ ಬಣ್ಣ ಹುಟ್ಟಿದ್ದು ಹಾಲರ್ ಅವರ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಅಂತ ಮಂಗಳೂರಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆದರೆ ಮಗ್ಗ ಎಲ್ಲರಿಗೂ ಸಾಲುತ್ತಿರಲಿಲ್ಲ. ಓದು ಬರದ, ಕಸುಬು ಕಳೆದುಕೊಂಡ, ಮೈಬಲ ಮಾತ್ರ ಇರುವ ನೂರಾರು ಜನರಿಗೆ ಏನು ಕೆಲಸ? ಪ್ಲೆಬ್ಸ್ಟ್ ಬದುಕಿನ ಎರಡನೇ ಭಾಗ ಈ ಪ್ರಶ್ನೆಯಿಂದ ಶುರುವಾಗುತ್ತದೆ.

ಹೊಳೆ ತಂದುಹಾಕಿದ ಮಣ್ಣು

ಉತ್ತರ ಕಾಲಡಿಯಲ್ಲೇ ಇತ್ತು. ಘಟ್ಟದಲ್ಲಿ ಹುಟ್ಟುವ ನೇತ್ರಾವತಿ ಬೆಳ್ತಂಗಡಿಯನ್ನು ದಾಟಿ, ಬಂಟ್ವಾಳವನ್ನು ಬಳಸಿ ಮಂಗಳೂರಿಗೆ ಬರುತ್ತದೆ. ಫಲ್ಗುಣಿ ಹೊಳೆ ವೇಣೂರಿನ ಗೊಮ್ಮಟನ ಪಕ್ಕದಿಂದ ಹರಿದು, ಮೂಡುಬಿದಿರೆ ಸೀಮೆಯ ನೀರನ್ನೂ ಸೇರಿಸಿಕೊಂಡು, ಗುರುಪುರದ ಮೇಲೆ ಅದೇ ಅಳಿವೆಗೆ ಇಳಿಯುತ್ತದೆ. ಎರಡೂ ಹೊಳೆಗಳು ಸಾವಿರಾರು ಮಳೆಗಾಲ ಘಟ್ಟದಿಂದ ತೊಳೆದು ತಂದ ನುಣುಪು ಆವೆಮಣ್ಣು ದಂಡೆಯ ಗದ್ದೆಗಳ ಕೆಳಗೆ ಪದರಪದರವಾಗಿ ಕೂತಿತ್ತು. ಕುಂಬಾರರಿಗೆ ಆ ಮಣ್ಣಿನ ಗುಣ ಮೊದಲಿನಿಂದಲೂ ಗೊತ್ತಿತ್ತು. ಪ್ಲೆಬ್ಸ್ಟ್ ಅದನ್ನು ಯಂತ್ರಕ್ಕೆ ಕೊಟ್ಟರು.

1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಮೇಲೆ, ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯಿತು. ಮಣ್ಣು ಕಲಸುವ ಯಂತ್ರ ತಿರುಗಿಸಲು ಎತ್ತು, ಹಂಚು ಒತ್ತಲು ಕೈಪ್ರೆಸ್ಸು, ದಿನಕ್ಕೆ ಕೆಲವೇ ನೂರು ಹಂಚು. ಅಷ್ಟೇ. ಉಗಿಯಂತ್ರ ಬಂದದ್ದು ಆಮೇಲೆ.

ಹಂಚಿನ ಮಾದರಿ ಪ್ಲೆಬ್ಸ್ಟ್ ಕಂಡುಹಿಡಿದದ್ದಲ್ಲ. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಚಪ್ಪಟೆ ಹಂಚನ್ನು ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1840ರ ದಶಕದಲ್ಲೇ ಮಾಡಿದ್ದರು. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಎಂಜಿನಿಯರಿಂಗ್ ಓದಿದವರು ಒಮ್ಮೆ ಹಂಚು ತಿರುಗಿಸಿ ನೋಡಬೇಕು. ಮೇಲಿನ ಗೀರುಗಳು ನೀರನ್ನು ನೇರ ಕೆಳಗೆ ಕಳಿಸುತ್ತವೆ. ಪಕ್ಕದ ತೋಡು ಪಕ್ಕದ ಹಂಚಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಮೊಳೆ ಬೇಡ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು, ಇಡೀ ಮಾಡು ಬಿಚ್ಚಬೇಕಿಲ್ಲ.

ಅದಕ್ಕಿಂತ ಮುಂಚೆ ಇಲ್ಲಿನ ಮಳೆಯನ್ನು ಹೇಗೆ ಎದುರಿಸುತ್ತಿದ್ದರು ಅನ್ನುವುದಕ್ಕೆ ಮೂಡುಬಿದಿರೆಗೆ ಹೋದರೆ ಸಾಕು. 1430ರಲ್ಲಿ ಶುರುವಾದ ಸಾವಿರ ಕಂಬದ ಬಸದಿಯಲ್ಲಿ ದೊಡ್ಡ ದೊಡ್ಡ ಕಲ್ಲಿನ ಹಾಸುಗಳನ್ನೇ ಇಳಿಜಾರಾಗಿ ಜೋಡಿಸಿದ ಮಾಡು ಕಾಣ್ತದೆ. ಅದು ದೇವರಿಗೆ, ಸಿರಿವಂತರಿಗೆ. ಉಳಿದವರಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. ಮಳೆಗಾಲದ ಮೊದಲು ಹೊದೆಸಬೇಕು, ಬೆಂಕಿ ಬಿದ್ದರೆ ಕ್ಷಣದಲ್ಲಿ ಬೂದಿ. ಕೆಂಪು ಹಂಚು ಮೊದಲು ಸರಕಾರಿ ಕಟ್ಟಡ, ಶಾಲೆ, ಚರ್ಚುಗಳಿಗೆ ಹತ್ತಿತು. ನಿಧಾನವಾಗಿ ಬಡವರ ಪಕ್ಕಾಸಿನ ಮೇಲೂ ಬಂತು. ಅಜ್ಜ ತಾನು ಕಟ್ಟಿದ ಮನೆಗೆ ಹಂಚು ಹೊದೆಸಿದ ದಿನವನ್ನು ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಗಂಟೆ, ಭಟ್ಟಿ, ಸಂಬಳ

ಇನ್ನು ಹಂಚು ಆಗುವ ಬಗೆ. ಬೇಸಗೆಯಲ್ಲಿ ಗದ್ದೆ ಅಗೆದು ಮಣ್ಣು ತೆಗೆಯುವುದು, ದೋಣಿಗೆ ತುಂಬುವುದು, ಕಾರ್ಖಾನೆಯ ಅಂಗಳದಲ್ಲಿ ರಾಶಿ ಹಾಕುವುದು. ಕಲ್ಲು ಬೇರು ಹೆಕ್ಕಿ, ನೀರು ಹಾಕಿ, ಕಲಸಿ ಹದ ಮಾಡುವುದು. ಮಣ್ಣಿನ ಹಲಗೆಗೆ ಎಣ್ಣೆ ಸವರಿ ಅಚ್ಚಿಗೆ ಇಡುವುದು, ಪ್ರೆಸ್ಸಿನ ಚಕ್ರ ತಿರುಗಿಸಿ ಒತ್ತುವುದು. ಅಂಚಿನ ಹೆಚ್ಚುವರಿ ಮಣ್ಣು ಕೊಯ್ದು, ಚೌಕಟ್ಟಿನ ಮೇಲಿಟ್ಟು ನೆರಳಲ್ಲಿ ದಿನಗಟ್ಟಲೆ ಒಣಗಿಸುವುದು. ಅವಸರ ಮಾಡಿದರೆ ನೀರು ಒಮ್ಮೆಲೇ ಹೋಗಿ ಹಂಚು ಬಿರಿಯುತ್ತದೆ. ಆಮೇಲೆ ಭಟ್ಟಿಯೊಳಗೆ ಸಾವಿರಗಟ್ಟಲೆ ಹಂಚು ಅಡಕಿ, ಬಾಗಿಲಿಗೆ ಮಣ್ಣು ಮೆತ್ತಿ, ಹಗಲೂ ರಾತ್ರಿ ಸೌದೆ ಹಾಕಿ ಉರಿಸುವುದು. ಮಣ್ಣಿನೊಳಗಿನ ಕಬ್ಬಿಣದ ಅಂಶ ಆ ಉರಿಯಲ್ಲಿ ಕೆಂಪಾಗುತ್ತದೆ.

ಭಟ್ಟಿಯಿಂದ ಹೊರತೆಗೆಯುವ ಕೆಲಸವೇ ಅತ್ಯಂತ ಕಷ್ಟದ್ದು. ಉರಿ ಆರಿದರೂ ಒಳಗಿನ ಬಿಸಿ ಆರಿರುವುದಿಲ್ಲ. ಗೋಣಿ ಸುತ್ತಿದ ಕೈಯಿಂದ ಹಂಚು ತೆಗೆದು ಹೊರಗಿನವರಿಗೆ ದಾಟಿಸಬೇಕು. ಹೆಂಗಸರು ಎರಡೂವರೆ ಕಿಲೋ ತೂಗುವ ಹಂಚುಗಳನ್ನು ತಲೆಯ ಮೇಲೆ ಅಡಕಿ ಹೊರುತ್ತಿದ್ದರು. ಬಾಯಿ ಮೂಗಿನ ತುಂಬ ಕೆಂಪು ಧೂಳು. ಅಜ್ಜನ ಕೆಮ್ಮು ಕೊನೆಯವರೆಗೂ ಹೋಗಲಿಲ್ಲ.

ಪ್ಲೆಬ್ಸ್ಟ್ ಶುರು ಮಾಡಿದಾಗ ಈ ದೇಶದಲ್ಲಿ ಕಾರ್ಖಾನೆ ಕಾಯ್ದೆ ಅಂತ ಒಂದು ಇರಲೇ ಇಲ್ಲ. ಮೊದಲನೆಯದು ಬಂದದ್ದು 1881ರಲ್ಲಿ. ಕಾರ್ಖಾನೆಗಳಲ್ಲಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಅನ್ನುವ ಮಿತಿ ಬಂದದ್ದು 1922ರಲ್ಲಿ. ಗದ್ದೆಯ ಕೆಲಸಕ್ಕೆ ಮಳೆ ಬಿಸಿಲಿನ ಲಯ ಇತ್ತು, ಭೂತಕೋಲಕ್ಕೆ, ಕಂಬಳಕ್ಕೆ, ನಾಟಿ ಮುಗಿದ ಮೇಲಿನ ಬಿಡುವಿಗೆ ಜಾಗ ಇತ್ತು. ಕಾರ್ಖಾನೆಗೆ ಗಂಟೆ. ಮಿಷನ್ನಿನವರಿಗೆ ಶಿಸ್ತು, ಸಮಯಪಾಲನೆ, ಮಿತವ್ಯಯ ಎಲ್ಲವೂ ಧರ್ಮದ ಭಾಗವೇ. ಕುಡಿತಕ್ಕೆ, ದೈವದ ಅಂಗಳಕ್ಕೆ ಹೋಗುವುದಕ್ಕೆ ಅಲ್ಲಿ ಕ್ಷಮೆ ಕಡಿಮೆ. ಕೆಲಸ ಕೊಟ್ಟವರೂ ಅವರೇ, ಪ್ರಾರ್ಥನೆ ನಡೆಸುವವರೂ ಅವರೇ, ಶಾಲೆಯೂ ಅವರದೇ. ಒಂದು ಕಡೆ ಜಗಳವಾದರೆ ಮೂರು ಕಡೆಯೂ ಬಾಗಿಲು ಮುಚ್ಚಬಹುದು. ಹಳೆಯ ಧಣಿಯಿಂದ ಬಿಡಿಸಿಕೊಂಡವನಿಗೆ ಈ ಹೊಸ ಧಣಿತನದ ವಾಸನೆ ಬಂದಿರಲಿಕ್ಕಿಲ್ಲ ಅಂತ ನಾನು ನಂಬುವುದಿಲ್ಲ.

ಆದರೂ ಒಂದು ವ್ಯತ್ಯಾಸ ಇತ್ತು, ಅದನ್ನು ಸಣ್ಣದು ಮಾಡಬಾರದು. ಕೈಗೆ ಕಾಸು ಬರುತ್ತಿತ್ತು. ಅಕ್ಕಿಯ ಅಳತೆಯಲ್ಲಿ, ಧಣಿಯ ಮರ್ಜಿಯಲ್ಲಿ ಸಿಗುತ್ತಿದ್ದ ಕೂಲಿಯ ಜಾಗದಲ್ಲಿ ಲೆಕ್ಕದ ಸಂಬಳ. ಆ ಕಾಸಿನಿಂದ ಮಗನನ್ನು ಶಾಲೆಗೆ ಕಳಿಸಬಹುದು, ಹೆಂಗಸು ತನ್ನ ಹೆಸರಿನಲ್ಲಿ ನಾಲ್ಕು ಕಾಸು ಕೂಡಿಡಬಹುದು. ಪ್ರೆಸ್ಸಿನ ಎದುರು ಪಕ್ಕದಲ್ಲಿ ನಿಂತವನ ಹುಟ್ಟು ಯಾವುದು ಅಂತ ನೋಡುತ್ತಾ ಕೂತರೆ ಹಂಚು ಒಣಗಿ ಹೋಗ್ತದೆ. ಜಾತಿ ಅಲ್ಲಿ ಸತ್ತಿತು ಅಂತ ನಾನು ಹೇಳುತ್ತಿಲ್ಲ. ದಿನದ ಇಷ್ಟು ಗಂಟೆ ಅದಕ್ಕೆ ಬೇರೆ ಯಜಮಾನ ಇದ್ದ, ಅಷ್ಟೇ.

ಮಿಷನ್ ಒಳಗೂ ಇದರ ಬಗ್ಗೆ ಎರಡು ಮನಸ್ಸಿತ್ತು. ಸುವಾರ್ತೆ ಸಾರಲು ಬಂದವರು ಲಾಭನಷ್ಟದ ಪುಸ್ತಕ ಬರೆಯಬಹುದೇ ಅನ್ನುವ ಪ್ರಶ್ನೆ ಮಿಷನ್ನನ್ನು ಬಹಳ ಕಾಲ ಕಾಡಿತು. ಉದ್ಯಮ ಹಳೆ ಅನ್ನ ಕಳಕೊಂಡವರಿಗೆ ಅನ್ನ ಕೊಟ್ಟಿತು, ಬಂದ ಲಾಭ ಮಿಷನ್ ಕೆಲಸಕ್ಕೆ ಹೋಯಿತು. ಅಂದರೆ ಭಟ್ಟಿಯ ಮುಂದೆ ಬೆವರಿದವನು ತನ್ನ ಸಭೆಯ ಖರ್ಚಿಗೂ ಬೆವರಿದ.

ಬಂಟ್ವಾಳಕ್ಕೆ ಬಂದ ಹಂಚು

ಪ್ಲೆಬ್ಸ್ಟ್ ಮಾಡಿದ್ದನ್ನು ನೋಡಿ ಇತರರು ಸುಮ್ಮನಿರಲಿಲ್ಲ. ಮೂರೇ ವರ್ಷದಲ್ಲಿ, 1868ರಲ್ಲಿ, ಪಾಸ್ಕಲ್ ಜಾರ್ಜ್ ಆಲ್ಬುಕರ್ಕ್ ಪಾಣೆಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಇಲ್ಲಿನವರೇ ಕಟ್ಟಿದ ಹಂಚಿನ ಕಾರ್ಖಾನೆಗಳ ಸಾಲು ಅಲ್ಲಿಂದ ಶುರು. ಜೆಪ್ಪುವಿನ ಕಸುಬು ಹೊಳೆಯ ಎದುರು ದಿಕ್ಕಿನಲ್ಲಿ ಹತ್ತಿ ಬಂಟ್ವಾಳ ಸೇರಿತು. ಬಾಸೆಲ್ ಮಿಷನ್ನೇ ಮೊದಲ ಮಹಾಯುದ್ಧದ ಹೊತ್ತಿಗೆ ಏಳು ಹಂಚಿನ ಕಾರ್ಖಾನೆ ನಡೆಸುತ್ತಿತ್ತು: ಜೆಪ್ಪು, ಕುದ್ರೋಳಿ, ಮಲ್ಪೆ, ಮಲಬಾರಿನ ಕಡೆ ಕೋಝಿಕ್ಕೋಡ್, ಕೋಡಕ್ಕಲ್, ಪಾಲಕ್ಕಾಡ್, ಫರೋಕ್. ಮಂಜಿಗಳಲ್ಲಿ, ಹಡಗುಗಳಲ್ಲಿ ಹಂಚು ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾದವರೆಗೆ ಹೋಯಿತು.

ಯುದ್ಧ ಬಂತು. ಜರ್ಮನರು ಶತ್ರು ದೇಶದವರಾದರು. ಬ್ರಿಟಿಷರು ಅವರನ್ನು ಹಿಡಿದಿಟ್ಟರು, ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಯಜಮಾನ ಬದಲಾದರೂ ಭಟ್ಟಿಯ ಬಿಸಿ ಬದಲಾಗಲಿಲ್ಲ. ಮುಂದೆ ಹಂಚಿನ ಕಾರ್ಮಿಕರೂ ಬೀಡಿ ಕಾರ್ಮಿಕರೂ ಕೆಂಬಾವುಟದ ಕೆಳಗೆ ಸಂಘ ಕಟ್ಟಿದರು. ಸಂಬಳ, ರಜೆ, ಬೋನಸ್ ಅಂತ ಇವತ್ತು ನಾವು ಸಹಜವಾಗಿ ಆಡುವ ಮಾತುಗಳನ್ನು ಅವರು ಗೇಟಿನ ಮುಂದೆ ಕೂತು ಗಳಿಸಿದರು. ಅದು ಪ್ಲೆಬ್ಸ್ಟ್ ಕೊಟ್ಟದ್ದಲ್ಲ. ಆದರೆ ಸಾವಿರ ಜನರನ್ನು ಒಂದೇ ಗೇಟಿನೊಳಗೆ ತಂದದ್ದು ಆ ಕಾರ್ಖಾನೆಯೇ. ಚದುರಿದ ಗದ್ದೆಗಳಲ್ಲಿ ಹಾಗೆ ಒಟ್ಟು ಸೇರುವುದು ಎಷ್ಟು ಕಷ್ಟ ಅಂತ ಯಾವ ಗೇಣಿದಾರನೂ ಹೇಳಿಯಾನು.

ಕಾಂಕ್ರೀಟ್ ಬಂದ ಮೇಲೆ ಹಂಚಿನ ಕಾಲ ಮುಗಿಯುತ್ತಾ ಬಂತು. ಸೌದೆ ತುಟ್ಟಿಯಾಯಿತು, ಆವೆಮಣ್ಣು ಸಿಗುವುದು ಕಷ್ಟವಾಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅಜ್ಜನ ಕಾರ್ಖಾನೆಯೂ ಮುಚ್ಚಿತು. ಜೀವನಪೂರ್ತಿ ಬೈದ ಆ ಗಂಟೆ ನಿಂತ ದಿನ ಅವರು ಊಟ ಮಾಡಲಿಲ್ಲವಂತೆ.

ಪ್ಲೆಬ್ಸ್ಟ್ ಪ್ರಶ್ನೆ ಇನ್ನೂ ಇದೆ

ಇವತ್ತು ಪ್ಲೆಬ್ಸ್ಟ್ ಥರದವರ ಬಗ್ಗೆ ನಮ್ಮ ಕರಾವಳಿಯಲ್ಲಿ ಎರಡೇ ಬಗೆಯ ಮಾತು ಕೇಳುತ್ತದೆ. ಒಬ್ಬರಿಗೆ ಅವರು ಮತಾಂತರಕ್ಕೆ ಬಂದ ಸಂಚುಕೋರರು, ಇನ್ನೊಬ್ಬರಿಗೆ ಉದ್ಧಾರಕರು. ವಾಟ್ಸಾಪಿನಲ್ಲಿ ಇವೆರಡಕ್ಕೇ ಜಾಗ. ಭಟ್ಟಿಯ ಮುಂದೆ ನಿಂತವನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಆತ ಅಜ್ಜನ ಹಾಗೆ ಎರಡನ್ನೂ ಹೇಳುತ್ತಿದ್ದ. ಮೈ ಸುಟ್ಟದ್ದೂ ನಿಜ, ಮೈ ಬಗ್ಗಿಸದೆ ನಿಂತದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸಬೇಕಾದ ಅಗತ್ಯ ಅವನಿಗಿಲ್ಲ, ಅದು ನಮ್ಮ ರಾಜಕೀಯಕ್ಕೆ ಬೇಕಾದದ್ದು.

ಪ್ಲೆಬ್ಸ್ಟ್ ಬದುಕಿನಿಂದ ನಾನು ಎತ್ತಿಕೊಳ್ಳುವುದು ಒಂದು ಸಂಗತಿ. ಮಿಷನ್ ಒಬ್ಬನ ಕಸುಬನ್ನು ತಪ್ಪು ಅಂದಿತು. ಆ ತೀರ್ಪನ್ನು ನಾನು ಒಪ್ಪುವುದಿಲ್ಲ, ಕಳ್ಳು ಇಳಿಸುವುದರಲ್ಲಿ ಪಾಪ ಏನೂ ಇಲ್ಲ. ಆದರೆ ಕಸುಬು ಬಿಡಿಸಿದ ಮೇಲೆ ಬೇರೆ ಕಸುಬು ಹುಡುಕಿಕೊಡುವುದು ತನ್ನ ಹೊಣೆ ಅಂತಲೂ ಅದು ತಿಳಿಯಿತು. ಅದಕ್ಕೊಬ್ಬ ಮೆಕ್ಯಾನಿಕ್ ಅಚ್ಚುಕೂಟದಿಂದ ಆವೆಮಣ್ಣಿಗೆ ಕೈಹಾಕಿದ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಹಂಚು ಹೋದ ಮೇಲೆ ಸಾವಿರಾರು ಮನೆಗಳ ಒಲೆ ಉರಿಸಿದ್ದು ಬೀಡಿ. ಬೆಳ್ತಂಗಡಿಯಿಂದ ಮದುವೆಯಾಗಿ ಬಂದ ನನ್ನ ಅಮ್ಮ ಅದೇ ಹಂಚಿನ ಮಾಡಿನ ಕೆಳಗೆ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದರು. ಮೂಡುಬಿದಿರೆಯ ಚಿಕ್ಕಮ್ಮ ಗೇರುಬೀಜದ ಕಾರ್ಖಾನೆಗೆ ಹೋದರು, ಬೀಜದ ಎಣ್ಣೆ ತಾಗಿ ಅವರ ಬೆರಳ ಚರ್ಮ ಕಪ್ಪಾಗಿದೆ. ಅಮ್ಮನಿಗೆ ಕತ್ತು ನೋವು, ಹೊಗೆಸೊಪ್ಪಿನ ಧೂಳಿಗೆ ಕೆಮ್ಮು. ಬೀಡಿಯನ್ನು ಅವರಷ್ಟು ಬೈದವರನ್ನು ನಾನು ಕಂಡಿಲ್ಲ. ಬ್ರಾಂಚಿನಲ್ಲಿ ಎಲೆ ಕೊಡುವುದು ಕಡಿಮೆ ಮಾಡಿದಾಗ ಅವರಷ್ಟು ಹೆದರಿದವರನ್ನೂ ಕಂಡಿಲ್ಲ.

ಹೊಗೆಸೊಪ್ಪು ಜನರನ್ನು ಕೊಲ್ಲುತ್ತದೆ, ಬೀಡಿ ಕಡಿಮೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು, 2003ರಲ್ಲಿ ತಂಬಾಕು ನಿಯಂತ್ರಣದ ಕಾಯ್ದೆ ಬಂತು. ಬೀಡಿ ಕಟ್ಟುವವಳಿಗೆ ನಾಳೆ ಯಾವ ಕೆಲಸ ಅನ್ನುವುದಕ್ಕೆ ಮಾತ್ರ ಇಷ್ಟು ವರ್ಷವಾದರೂ ಗಟ್ಟಿ ಉತ್ತರ ಬಂದಿಲ್ಲ. 1865ರಲ್ಲಿ, ಪರದೇಶದ ಒಂದು ಧಾರ್ಮಿಕ ಸಂಸ್ಥೆ, ತನ್ನದೇ ಸ್ವಾರ್ಥ ಇಟ್ಟುಕೊಂಡೇ ಆದರೂ, ಈ ಪ್ರಶ್ನೆಯನ್ನು ತನ್ನದು ಅಂದುಕೊಂಡಿತ್ತು. ಚುನಾಯಿತ ಸರಕಾರಕ್ಕೆ ಅಷ್ಟೂ ಆಗದೇ?

ಮುಂದಿನ ಸಲ ಮತ ಕೇಳಲು ಬಂದವರಿಗೆ ಕೇಳಲಿಕ್ಕೆ ನಮ್ಮ ಮೂರು ತಾಲೂಕಿನ ಹುಡುಗ ಹುಡುಗಿಯರ ಹತ್ತಿರ ಈ ಒಂದು ಪ್ರಶ್ನೆ ಇರಲಿ. ಬೀಡಿ ನಿಲ್ಲಿಸಿ, ಸರಿ. ನಮ್ಮ ಅಮ್ಮಂದಿರಿಗೆ ಏನು ಕೆಲಸ ಕೊಡ್ತೀರಿ, ಆ ಕೆಲಸಕ್ಕೆ ಎಷ್ಟು ಸಂಬಳ, ಮೈಗೆ ಎಷ್ಟು ರಕ್ಷಣೆ?